ಅಳತೆಗೆ ಕೊಟ್ಟ ಅಂಗಿ

"ಇದರ ಹೊಲಿಗೆ ಯಾಕಪ್ಪ ಹೊರಗಿದೆ?"

ಮಾಸ್ಟರನ ಕಾಲು ಮೆಷಿನ್ನಿನ ಪೆಡಲಿನ ಮೇಲೆ ಹಾಗೇ ನಿಂತಿತು. ಮಗಳು ಬಟ್ಟೆ ಕತ್ತರಿಸುವ ಮೇಜಿನ ಆಚೆ ನಿಂತು, ಪಟ್ಟಿ ಸುತ್ತಿದ ಎರಡು ಕೈಗಳ ನಡುವೆ ಒಂದು ಪುಟಾಣಿ ಬಿಳಿ ಅಂಗಿಯನ್ನು ಎತ್ತಿ ಹಿಡಿದಿದ್ದಳು. ಇನ್ನೂ ಹುಟ್ಟದ ಮಗುವಿಗೆಂದು ಹೊಲಿದ ಅಂಗಿ ಅದು. ಬೆಳಿಗ್ಗೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಒಗೆದೊಗೆದು ಮೆತ್ತಗಾದ ಹತ್ತಿ ಬಟ್ಟೆಯನ್ನು ಆರಿಸಿಕೊಂಡು, ಏನನ್ನೋ ಗುನುಗುತ್ತ ಹೊಲಿದು ಮಡಿಸಿಟ್ಟಿದ್ದ. ತಾನು ಎಷ್ಟೋ ವರ್ಷಗಳಿಂದ ಹೀಗೆ ಗುನುಗಿರಲಿಲ್ಲ ಎಂಬುದು ಅವನ ಗಮನಕ್ಕೂ ಬಂದಿತ್ತು. ಹೊಲಿಗೆ ಯಾವ ಕಡೆ ಬಿತ್ತು ಎಂಬುದು ಮಾತ್ರ ಬಂದಿರಲಿಲ್ಲ.

ಆ ಮನೆಯಲ್ಲಿ ಹೊಲಿಗೆ ಹೊರಗಿರುವ ಬಟ್ಟೆ ಹಾಕುವವಳು ಈ ಮಗಳೊಬ್ಬಳೇ. ಅಂಗಿಯ ಒಳಗಿನ ಹೊಲಿಗೆಯ ಗೆರೆ ನಮಗೆ ನಿಮಗೆ ಗೊತ್ತೇ ಆಗುವುದಿಲ್ಲ. ಅವಳಿಗಾದರೆ ಸಂಜೆಯೊಳಗೆ ಆ ಗೆರೆಗುಂಟ ನೀರುಗುಳ್ಳೆ ಏಳುತ್ತಿತ್ತು, ಗುಳ್ಳೆ ಒಡೆದು ಗಾಯವಾಗುತ್ತಿತ್ತು, ಗಾಯ ಮಾಯಿತು ಎನ್ನುವಷ್ಟರಲ್ಲಿ ಅದೇ ಜಾಗ ಮತ್ತೆ ಸುಲಿಯುತ್ತಿತ್ತು. ಹೀಗಾಗಿ ಹುಟ್ಟಿದಾಗಿನಿಂದ ಅವಳ ಬಟ್ಟೆಗಳಲ್ಲಿ ಒಳಗಿರಬೇಕಾದದ್ದು ಹೊರಗೆ. ಅಂಗಡಿಗೆ ಬಂದ ಹೊಸಬರು ಯಾರಾದರೂ "ಪಾಪು, ಅಂಗಿ ಉಲ್ಟಾ ಹಾಕ್ಕೊಂಡಿದ್ದೀಯಲ್ಲ" ಎಂದರೆ ಮುಗಿಯಿತು. "ಉಲ್ಟಾ ಹಾಕ್ಕೊಂಡಿರೋದು ನೀವು. ನುಣ್ಣಗಿರೋ ಕಡೆ ಮೈಗೆ ತಾಗ್ಬೇಕಾ, ಬೀದಿಗೆ ತಾಗ್ಬೇಕಾ?" ಎಂದು ತಿರುಗಿಸಿ ಕೊಡುತ್ತಿದ್ದಳು. ಗಿರಾಕಿಗಳು ಅವಳಿಗೆ ಚಿಕ್ಕ ಮಾಸ್ಟರ್ ಎಂದೇ ಹೆಸರಿಟ್ಟಿದ್ದರು. ವಯಸ್ಸು ಹದಿಮೂರು, ಮೈ ನೋಡಿದರೆ ಎಂಟು ಎನ್ನಬೇಕು, ನಾಲಗೆಗೆ ಮಾತ್ರ ಐವತ್ತು ದಾಟಿತ್ತು.

ಆ ನಾಲಗೆ ಈಗ ಗೇಲಿ ಮಾಡಲಿಲ್ಲ. "ಅದಕ್ಕೂ ನನ್ನ ಹಾಗೇನಾ ಅಪ್ಪ?" ಎಂದು ಮೆಲ್ಲಗೆ ಕೇಳಿತು.

"ಛೆ, ಛೆ! ಇಲ್ಲ ಪುಟ್ಟಿ. ಇದು ಕೈ ಮಾಡಿದ ತಪ್ಪು. ಇಷ್ಟು ಚಿಕ್ಕ ಬಟ್ಟೆ ಹೊಲಿದಿದ್ದೇ ನಿನಗೆ ನೋಡು, ಕೈಗೆ ಅದೇ ಅಭ್ಯಾಸ." ಅವನು ಎದ್ದು ಅಂಗಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಇಲ್ಲ ಅಂತ ನಿನಗೆ ಹೇಗೆ ಗೊತ್ತು?"

"ನೋಡಿಸಿ ಆಯ್ತಲ್ಲ. ಚೆನ್ನಾಗಿದೆ ಅಂದ್ರು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾಸ್ಟರ್ ತುಟಿ ಕಚ್ಚಿಕೊಂಡ. ಹೋದ ವಾರ ಆಸ್ಪತ್ರೆಯಿಂದ ಆ ಸುದ್ದಿ ಬಂದಾಗ ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದರು. ಮಗಳಿಗೆ ಹೇಳುವುದು ಬೇಡ ಎಂದು ಆಗಲೇ ಮಾತಾಗಿತ್ತು. ಏನು ಹೇಳಬಾರದು ಎಂಬುದಷ್ಟೇ ನಿರ್ಧಾರವಾಗಿತ್ತು. ಅವಳಾಗಿಯೇ ಕೇಳಿದರೆ ಏನು ಹೇಳಬೇಕು ಎಂಬುದು ಆಗಿರಲಿಲ್ಲ.

"ಹೊಟ್ಟೆ ಒಳಗಿರೋ ಮಗೂದು ಚರ್ಮ ಹೇಗೆ ನೋಡ್ತಾರೆ?"

"ಚರ್ಮ ಅಲ್ಲ... ಒಂದು ಸೂಜಿ ಹಾಕಿ ಸ್ವಲ್ಪ ಏನೋ ತೆಗೀತಾರೆ. ಅದರಲ್ಲಿರೋದನ್ನ ಹೋಲಿಸಿ ನೋಡ್ತಾರೆ."

"ಯಾವುದಕ್ಕೆ ಹೋಲಿಸಿ?"

ಅಷ್ಟರಲ್ಲೇ ಬಾಗಿಲ ಗಂಟೆ ಟಣ್ಣೆಂದಿತು. ಪಕ್ಕದ ಬೀದಿಯ ಶಾಲೆಯ ಟೀಚರಮ್ಮ ಒಳಗೆ ಬಂದರು. ದೊಡ್ಡ ಕನ್ನಡಕ, ಅದಕ್ಕಿಂತ ದೊಡ್ಡ ದನಿ. ಮಾಸ್ಟರ್‌ಗೆ ದೇವರೇ ಕಳಿಸಿದ ಹಾಗಾಯಿತು.

"ಬನ್ನಿ ಬನ್ನಿ ಟೀಚರ್. ಅಳತೆ ತಂದಿದ್ದೀರಾ?"

ಆ ಅಂಗಡಿಯಲ್ಲಿ ಟೇಪು ಹಿಡಿದು ಅಳತೆ ತೆಗೆಸಿಕೊಳ್ಳುವವರು ಕಡಿಮೆ. ಎಲ್ಲರೂ ಮೈಗೆ ಹೊಂದಿದ ಹಳೆಯದೊಂದು ಬಟ್ಟೆ ತಂದುಕೊಟ್ಟು, ಇದೇ ಅಳತೆಗೆ ಹೊಲಿ ಎನ್ನುವವರೇ. ಟೀಚರಮ್ಮ ಚೀಲದಿಂದ ಬಣ್ಣ ಹೋದ ಒಂದು ಅಂಗಿಯನ್ನೂ ಹೊಸ ಬಟ್ಟೆಯನ್ನೂ ಮೇಜಿನ ಮೇಲಿಟ್ಟರು.

"ಇದು ಅಳತೆ. ಆದ್ರೆ ಮಾಸ್ಟರ್, ಈ ಕಂಕುಳಲ್ಲಿ ಹಿಡಿಯುತ್ತೆ ನೋಡಿ, ಇಲ್ಲಿ. ಈ ತಪ್ಪು ಮಾತ್ರ ಹೊಸದರಲ್ಲಿ ಬರಬಾರದು. ಅದಕ್ಕೇ ಇದನ್ನ ತಂದಿದ್ದು, ನಿಮಗೆ ತೋರಿಸೋಕೆ."

"ಬರಲ್ಲ ಬಿಡಿ."

"ಆಮೇಲೆ ಈ ಹಳೇದು ವಾಪಸ್ಸೇನೂ ಬೇಡ. ಒರೆಸೋಕೆ ಇಟ್ಕೊಳ್ಳಿ." ಅವರು ಮಗಳ ಕಡೆ ತಿರುಗಿದರು. "ಏನಮ್ಮ ಚಿಕ್ಕ ಮಾಸ್ಟರ್, ಇವತ್ತು ಬಾಯಿಗೆ ಬೀಗ ಹಾಕಿದ್ದೀಯ?"

ಚಿಕ್ಕ ಮಾಸ್ಟರ್ ಅವರನ್ನು ನೋಡಲಿಲ್ಲ. ಮೇಜಿನ ಮೇಲಿನ ಬಣ್ಣ ಹೋದ ಅಂಗಿಯನ್ನೇ ನೋಡುತ್ತಿದ್ದಳು. ಟೀಚರಮ್ಮ ಹೋದ ಮೇಲೆ, ಕೈಯಲ್ಲಿದ್ದ ಪುಟ್ಟ ಅಂಗಿಯನ್ನು ಅದರ ಪಕ್ಕದಲ್ಲಿಟ್ಟಳು.

"ನನ್ನ ರಕ್ತ ಅಲ್ವಾ?" ಎಂದಳು. "ಅವತ್ತು ತಗೊಂಡ್ರಲ್ಲ. ಅದಕ್ಕೇ ಹೋಲಿಸಿದ್ದು."

ಮಾಸ್ಟರ್ ಅವಳ ಕಣ್ಣು ತಪ್ಪಿಸಿ ಟೀಚರಮ್ಮನ ಅಂಗಿ ಮಡಿಸತೊಡಗಿದ. ಅಷ್ಟು ಸಾಕಾಗಿತ್ತು.

ರಕ್ತದ ಮಾತು ಬಂದದ್ದು ಚಳಿಗಾಲದಲ್ಲಿ. ಹೆಂಡತಿ ಮತ್ತೆ ಬಸುರಿ ಎಂದು ತಿಳಿದಾಗ ಖುಷಿ ಪಡುವುದಕ್ಕೂ ಅವರಿಗೆ ಧೈರ್ಯ ಬರಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ, ಇಂಥ ವಂಶದ ಕಾಯಿಲೆಗಳನ್ನೇ ನೋಡುವ ಡಾಕ್ಟರಮ್ಮನೊಬ್ಬರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ನಿಧಾನವಾಗಿ ಹೇಳಿದ್ದರು. ಚರ್ಮಕ್ಕೆ ಎರಡು ಪದರ, ಮೇಲಿನದು ಮತ್ತು ಒಳಗಿನದು. ಎರಡನ್ನೂ ಹಿಡಿದಿಡುವುದಕ್ಕೆ ನಡುವೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಎಳೆಗಳಿವೆ. ಆ ಎಳೆ ಒಂದು ಪ್ರೋಟೀನು. ಅದನ್ನು ಹೇಗೆ ನೇಯಬೇಕು ಎಂಬ ಲೆಕ್ಕ ಒಂದು ಜೀನಿನಲ್ಲಿ ಬರೆದಿರುತ್ತದೆ.

"ಗಾಯ ಎಲ್ಲರಿಗೂ ಆಗುತ್ತೆ. ಎಲ್ಲರಿಗೂ ಅದರ ಮೇಲೆ ಹೊಸ ಚರ್ಮ ಬರುತ್ತೆ. ನಿಮ್ಮ ಮಗಳಿಗೂ ಬರುತ್ತೆ. ಆದ್ರೆ ಬಂದದ್ದು ನಿಲ್ಲೋಕೆ ಎಳೆ ಬೇಕಲ್ಲ, ಅದು ಇಲ್ಲ," ಎಂದಿದ್ದರು ಡಾಕ್ಟರಮ್ಮ.

"ಅಸ್ತರಿಗೂ ಮೇಲ್ಬಟ್ಟೆಗೂ ಟಾಕಿನ ಹೊಲಿಗೆ ಹಾಕದೇ ಬಿಟ್ಟ ಹಾಗೆ," ಎಂದ ಮಾಸ್ಟರ್. ಎಷ್ಟೋ ಆಸ್ಪತ್ರೆಗಳನ್ನು ಸುತ್ತಿದ ಮೇಲೆ ಮೊದಲ ಬಾರಿಗೆ ಮಗಳ ಕಾಯಿಲೆ ಅವನಿಗೆ ಅರ್ಥವಾಗಿತ್ತು. ಅರ್ಥವಾದದ್ದರಿಂದ ಬಂದ ಲಾಭವೇನೂ ಇರಲಿಲ್ಲ. ಬಟ್ಟೆಯಾಗಿದ್ದರೆ ಬಿಚ್ಚಿ ಮತ್ತೆ ಹೊಲಿಯಬಹುದಿತ್ತು.

ಆ ಜೀನಿನ ಎರಡೆರಡು ಪ್ರತಿಗಳು ಎಲ್ಲರಲ್ಲೂ ಇರುತ್ತವೆ. ಗಂಡನಲ್ಲೂ ಹೆಂಡತಿಯಲ್ಲೂ ಒಂದೊಂದು ಸರಿ, ಒಂದೊಂದು ತಪ್ಪು. ಸರಿಯಾದ ಒಂದೇ ಪ್ರತಿ ಅವರಿಬ್ಬರನ್ನು ಕಾಪಾಡಿತ್ತು. ಮಗಳಿಗೆ ಮಾತ್ರ ಎರಡೂ ಕಡೆಯಿಂದ ತಪ್ಪಾದದ್ದೇ ಬಂದಿತ್ತು. ಹೆಂಡತಿ ಅವನ ಸೋದರತ್ತೆಯ ಮಗಳು. ಒಂದೇ ಅಜ್ಜನಿಂದ ಇಳಿದು ಬಂದ ತಪ್ಪಿರಬಹುದು ಎಂದರು ಡಾಕ್ಟರಮ್ಮ. ಮನೆ ತುಂಬ ನಗಿಸುತ್ತಿದ್ದ, ಎಂಬತ್ತು ದಾಟಿ ಬದುಕಿದ ಅಜ್ಜ. ಮೈಮೇಲೆ ಒಂದು ಗೀರು ಕೂಡ ಇರಲಿಲ್ಲ.

ಹೊಟ್ಟೆಯಲ್ಲಿರುವ ಮಗುವನ್ನು ಪರೀಕ್ಷಿಸಬೇಕಾದರೆ ತಪ್ಪು ನಿಖರವಾಗಿ ಎಲ್ಲಿದೆ ಎಂದು ಮೊದಲು ಗೊತ್ತಾಗಬೇಕು. ಅದಕ್ಕೆ ಮೂವರ ರಕ್ತವೂ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಮಗಳದ್ದು. ಅವಳಿಂದ ರಕ್ತ ತೆಗೆಯುವುದೆಂದರೆ ಸುಲಭದ ಮಾತಲ್ಲ. ತೋಳಿಗೆ ರಬ್ಬರು ಬಿಗಿಯುವಂತಿಲ್ಲ, ಉಜ್ಜುವಂತಿಲ್ಲ, ಕೊನೆಗೆ ಹತ್ತಿಯ ಮೇಲೆ ಅಂಟುಪಟ್ಟಿ ಹಾಕುವಂತಿಲ್ಲ. ಪಟ್ಟಿ ಕಿತ್ತರೆ ಚರ್ಮವೂ ಅದರ ಜೊತೆಗೆ ಬರುತ್ತದೆ. ಯಾಕೆ ಎಂದು ಅವಳು ಕೇಳಿದಾಗ ತಾಯಿ ನೆಲ ನೋಡುತ್ತ "ಹೊಸ ಔಷಧಿ ಬಂದಿದೆಯಂತೆ, ನಿನಗೆ ಹೊಂದುತ್ತಾ ಅಂತ ನೋಡೋಕೆ" ಎಂದುಬಿಟ್ಟಿದ್ದಳು. ಮಾಸ್ಟರ್ ತಲೆಯಾಡಿಸಿದ್ದ. ಹುಡುಗಿ ತಾನೇ ತೋಳು ಮುಂದೆ ಚಾಚಿದ್ದಳು. ನರ ಸಿಗದೆ ನರ್ಸು ಎರಡನೇ ಸಲ ಚುಚ್ಚಬೇಕಾಗಿ ಬಂದಾಗ, "ಪರವಾಗಿಲ್ಲ, ಬೇಕಾದಷ್ಟು ತಗೊಳ್ಳಿ" ಎಂದು ಅವರಿಗೇ ಧೈರ್ಯ ಹೇಳಿದ್ದಳು.

ಅಂದಿನಿಂದ ಮನೆಯಲ್ಲಿ ಔಷಧಿಯ ಮಾತೇ ಮಾತು. ಅವಳ ಬೆರಳುಗಳು ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದವು. ಆ ಕಾಯಿಲೆಯ ದೊಡ್ಡ ಅನ್ಯಾಯವೇ ಅದು: ಬೆರಳ ಸಂದಿಯ ಗಾಯ ಮಾಯುವಾಗ ಎರಡು ಬೆರಳನ್ನೂ ಸೇರಿಸಿಕೊಂಡು ಮಾಯುತ್ತದೆ. ಮಾಯದಿದ್ದರೆ ಒಂದು ಕಷ್ಟ, ಮಾಯ್ದರೆ ಇನ್ನೊಂದು. "ಬೆರಳು ಬಿಡಿಸಿಕೊಂಡ ಮೇಲೆ ಸೂಜಿಗೆ ದಾರ ನಾನೇ ಪೋಣಿಸೋದು, ನಿನಗೆ ಹೇಗೂ ಕಣ್ಣು ಕಾಣಲ್ಲ" ಎಂದು ಅಪ್ಪನಿಗೆ ಹೇಳಿಟ್ಟಿದ್ದಳು. ಬಂದ ಗಿರಾಕಿಗಳಿಗೆಲ್ಲ ಹೇಳಿಟ್ಟಿದ್ದಳು. ಗುಂಡಿ ಹಾಕುವ ಕೆಲಸ ತನಗೇ ಮೀಸಲು ಎಂದಿದ್ದಳು. ಮಾಸ್ಟರ್ ಪ್ರತಿ ಸಲವೂ ನಕ್ಕು ಒಪ್ಪಿಕೊಂಡಿದ್ದ, ಒಪ್ಪಿಕೊಂಡು ಒಳಗೇ ಸತ್ತಿದ್ದ.

ಆ ಮಧ್ಯಾಹ್ನ ಅವನು ಅಂಗಡಿಗೆ ಬೇಗ ಬಾಗಿಲು ಹಾಕಿದ. ದಾರಿಯುದ್ದಕ್ಕೂ ಅವಳು ಎಂದಿನಂತೆ ಅವನ ಕಿರುಬೆರಳು ಹಿಡಿಯಲಿಲ್ಲ. ಕೂಡಿಕೊಂಡ ಕೈಗಳನ್ನು ಎದೆಗೆ ಅವಚಿಕೊಂಡು, ಯಾರೂ ತಾಗದಂತೆ ಗೋಡೆಯ ಪಕ್ಕದಲ್ಲೇ ನಡೆದಳು.

ಹೆಂಡತಿ ಊಟದ ಮೇಜಿನ ಮುಂದೆ ಕೂತು ಪಟ್ಟಿಗಳನ್ನು ಕತ್ತರಿಸಿ ಸುರುಳಿ ಸುತ್ತುತ್ತಿದ್ದಳು. ಹೊಟ್ಟೆ ಆಗಲೇ ಮೇಜಿನ ಅಂಚಿಗೆ ತಾಗುತ್ತಿತ್ತು. ಬಗ್ಗಲಾರದೆ ಈಚೆಗೆ ಪಟ್ಟಿ ಬಿಡಿಸುವ ಕೆಲಸವನ್ನು ಗಂಡನಿಗೆ ಬಿಟ್ಟಿದ್ದಳು. ಅವರಿಬ್ಬರ ಮುಖ ನೋಡಿದ್ದೇ, "ಏನ್ರೀ, ಏನಾಯ್ತು? ಬಿದ್ದಳಾ?" ಎಂದು ಏಳಹೊರಟಳು.

"ಬಿದ್ದಿಲ್ಲ," ಎಂದಳು ಮಗಳು. "ಅಮ್ಮ, ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಮಗು ನನ್ನ ಥರ ಇದೆ ಅಂತ ಅವರು ಹೇಳಿದ್ರೆ ಏನ್ ಮಾಡ್ತಿದ್ರಿ?"

ಹೆಂಡತಿ ಗಂಡನ ಕಡೆ ನೋಡಿದಳು. ಅವನು ಚಪ್ಪಲಿ ಬಿಡುವ ನೆಪದಲ್ಲಿ ತಲೆ ಬಗ್ಗಿಸಿದ. ಅವನಿಗೆ ಆ ಕ್ಷಣ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ತಲೆ ಎತ್ತಲಿಲ್ಲ.

"ಬೇಡ ಅಂತಿದ್ದೆ," ಎಂದಳು ತಾಯಿ. ಗಂಡನಿಗಿಂತ ಅವಳು ಯಾವಾಗಲೂ ಗಟ್ಟಿ. "ನಾನೇ. ನಿಮ್ಮಪ್ಪ ಅಲ್ಲ, ನಾನು."

"ಯಾಕೆ?"

"ನಿನ್ನ ಕಂಡ್ರೆ ಆಗಲ್ಲ ಅಂತಲ್ಲ ಮಗಳೇ. ಪಟ್ಟಿ ಬಿಡಿಸೋವಾಗ ನೀನು ಕಿರುಚ್ತೀಯಲ್ಲ... ಹದಿಮೂರು ವರ್ಷದಿಂದ ಕೇಳ್ತಿದ್ದೀನಿ. ಆ ಸದ್ದು ಇನ್ನೊಂದು ಗಂಟಲಿಂದ ಕೇಳೋ ಶಕ್ತಿ ನನಗಿಲ್ಲ. ಅಷ್ಟೇ. ಇನ್ನೇನೂ ಇಲ್ಲ."

ಸುತ್ತಿಟ್ಟ ಸುರುಳಿಯೊಂದು ಮೇಜಿನಿಂದ ಉರುಳಿ, ನೆಲದ ಮೇಲೆ ಬಿಚ್ಚಿಕೊಳ್ಳುತ್ತ ಹೋಯಿತು. ಯಾರೂ ಎತ್ತಲಿಲ್ಲ.

"ನಾನು ಹುಟ್ಟೋ ಮುಂಚೆ ಹೀಗೆ ನೋಡೋಕೆ ಆಗಿದ್ರೆ?"

"ಆಗ ಇದೆಲ್ಲ ಯಾರಿಗೆ ಗೊತ್ತಿತ್ತು ಪುಟ್ಟಿ," ಎಂದ ಮಾಸ್ಟರ್.

"ಆಗಿದ್ರೆ ಅಂತ ಕೇಳಿದ್ದು."

ಮಾಸ್ಟರ್‌ಗೆ ಉತ್ತರ ಗೊತ್ತಿತ್ತು. ಅವಳು ಹುಟ್ಟುವ ಮುಂಚೆ, ಮುಖವಿಲ್ಲದ ಹೆಸರಿಲ್ಲದ ಒಂದು ಮಗುವಿನ ಬಗ್ಗೆ ಯಾರಾದರೂ ಬಂದು ಕೇಳಿದ್ದರೆ ಬೇಡವೆಂದೇ ಹೇಳುತ್ತಿದ್ದ. ಈಗ ಇವಳಿಲ್ಲದ ಮನೆ, ಇವಳ ಬಾಯಿಲ್ಲದ ಅಂಗಡಿ ಅವನ ಕಲ್ಪನೆಗೇ ಸಿಗುತ್ತಿರಲಿಲ್ಲ. ಎರಡೂ ನಿಜ. ಆದರೆ ಒಂದನ್ನು ಹೇಳಿದರೆ ಇನ್ನೊಂದು ಸುಳ್ಳಿನ ಹಾಗೆ ಕೇಳಿಸುತ್ತದೆ. ಎರಡನ್ನೂ ಒಟ್ಟಿಗೆ ಹೇಳುವ ವಿದ್ಯೆ ಅವನಿಗೆ ಯಾರೂ ಕಲಿಸಿರಲಿಲ್ಲ.

"ನಿನ್ನ ಬಿಡ್ತಿರ್ಲಿಲ್ಲ," ಎಂದ ಕೊನೆಗೆ.

"ಔಷಧಿ ಬರುತ್ತೆ ಅಂದಿದ್ದೂ ನೀವೇ."

"ಔಷಧಿ ಬರುತ್ತೆ ಪುಟ್ಟಿ. ಎಲ್ಲೆಲ್ಲೋ ಹುಡುಕ್ತಿದ್ದಾರಂತೆ, ಡಾಕ್ಟರಮ್ಮ ಹೇಳಿದ್ರು..."

"ನನ್ನ ರಕ್ತದಿಂದ ಅಲ್ವಲ್ಲ." ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವುದಕ್ಕಾದರೂ ಒಂದು ದಾರಿಯಿರುತ್ತಿತ್ತು. "ನಾನು ಅಳತೆ ಅಂಗಿ. ಟೀಚರ್ ತಂದುಕೊಟ್ರಲ್ಲ, ಹಾಗೆ. ಇದರಲ್ಲಿರೋ ತಪ್ಪು ಹೊಸದರಲ್ಲಿ ಬರಬಾರದು ಅಂತ ತೋರಿಸೋಕೆ."

ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಹುಡುಗಿ ನೆಲದ ಮೇಲಿನ ಪಟ್ಟಿಯನ್ನು ದಾಟಿಕೊಂಡು ತನ್ನ ಕೋಣೆಗೆ ಹೋದಳು.

ಸಂಜೆ ಸ್ನಾನದ ಹೊತ್ತು. ದಿನಾ ಪಟ್ಟಿಗಳನ್ನು ನೀರಿನಲ್ಲಿ ನೆನೆಸಿ, ತಾವಾಗಿಯೇ ಸಡಿಲವಾಗುವವರೆಗೆ ಕಾದು, ಒಂದೊಂದಾಗಿ ಬಿಡಿಸಬೇಕು. ಎದ್ದ ಹೊಸ ಗುಳ್ಳೆಗಳನ್ನು ಕುದಿಸಿದ ಸೂಜಿಯಿಂದ ಚುಚ್ಚಿ ನೀರು ತೆಗೆಯಬೇಕು, ಇಲ್ಲದಿದ್ದರೆ ಅವು ಹರಡಿಕೊಂಡು ಹೋಗುತ್ತವೆ. ಬೀದಿಯಲ್ಲಿ ಎಲ್ಲರಿಗೂ ಆ ಹೊತ್ತು ಗೊತ್ತು. ಹೊಸದಾಗಿ ಬಂದ ಬಾಡಿಗೆದಾರರೊಬ್ಬರು ಒಮ್ಮೆ ಮಗುವನ್ನು ಹೊಡೆಯುತ್ತಿದ್ದಾರೆಂದು ಬಾಗಿಲು ಬಡಿದಿದ್ದರು. ಅವಳು ಕಿರುಚುತ್ತಿದ್ದಳು, ಬೈಯುತ್ತಿದ್ದಳು, ನಡುವೆ ಒಮ್ಮೊಮ್ಮೆ "ನಿಧಾನ ಮಾಸ್ಟರ್, ಬಟ್ಟೆ ಹರೀತು!" ಎಂದು ಗಿರಾಕಿಯ ದನಿ ತೆಗೆದು ಅಳುತ್ತಲೇ ನಗಿಸುತ್ತಿದ್ದಳು.

ಮಾಸ್ಟರ್ ಸೂಜಿ ಕುದಿಸಿಕೊಂಡು ಬಚ್ಚಲುಮನೆಗೆ ಬಂದಾಗ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು.

"ಪುಟ್ಟಿ?"

"ನಾನೇ ಮಾಡ್ಕೋತೀನಿ."

"ಕೈಯಲ್ಲಿ ಆಗಲ್ಲ ಮಗಳೇ. ಬಾಗಿಲು ತೆಗಿ."

"ಹಲ್ಲಿದೆ."

ನೀರು ಸುರಿಯುವ ಸದ್ದು ಬಂತು, ನಿಂತಿತು, ಮತ್ತೆ ಬಂತು. ಬೇರೆ ಯಾವ ಸದ್ದೂ ಇಲ್ಲ. ಮಾಸ್ಟರ್ ಬಾಗಿಲಿಗೆ ಕಿವಿಗೊಟ್ಟು ನಿಂತ. ತೋಳಿನ ಪಟ್ಟಿ ಬಿಡಿಸುವಾಗ ಒಂದು ಕೂಗು ಬರಬೇಕು, ಮೊಣಕಾಲಿನದಕ್ಕೆ ದೊಡ್ಡದೊಂದು. ಬರಲಿಲ್ಲ. ಕೋಣೆಯ ಬಾಗಿಲಲ್ಲಿ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವಳ ಕಿವಿಯೂ ಅಲ್ಲೇ ಇತ್ತು. "ಯಾಕ್ರೀ ಕೂಗ್ತಿಲ್ಲ?" ಎಂದು ತುಟಿಯಲ್ಲೇ ಕೇಳಿದಳು. ಕೇಳಿದ ಮೇಲೆ ಮಧ್ಯಾಹ್ನ ತಾನೇ ಆಡಿದ್ದ ಮಾತು ನೆನಪಾಯಿತೇನೋ, ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಕಿಟಕಿಯ ಬೆಳಕು ಕಂದುತ್ತ ಬಂದಾಗ ಚಿಲಕ ಸರಿಯಿತು.

ಅವಳು ಸಣ್ಣ ಮಣೆಯ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಸುತ್ತ ಒದ್ದೆ ಪಟ್ಟಿಗಳ ರಾಶಿ, ಕೆಲವು ಕೆಂಪಾಗಿದ್ದವು. ತೋಳು ಕಾಲುಗಳದ್ದೆಲ್ಲ ಬಿಡಿಸಿಯಾಗಿತ್ತು. ಹೇಗೆ ಬಿಡಿಸಿದಳೋ ದೇವರಿಗೇ ಗೊತ್ತು. ತುಟಿಯ ಅಂಚಿನ ಚರ್ಮ ಎದ್ದು ಬಂದಿತ್ತು.

"ಬೆನ್ನಿಗೆ ಮಾತ್ರ ಕೈ ಎಟುಕಲ್ಲ," ಎಂದಳು, ತಿರುಗಿ ನೋಡದೆ.

ಮಾಸ್ಟರ್ ಅವಳ ಹಿಂದೆ ಮಂಡಿಯೂರಿ ಕೂತ. ಚೊಂಬಿನಲ್ಲಿ ಬೆಚ್ಚನೆಯ ನೀರು ತುಂಬಿಕೊಂಡು, ಹೆಗಲಿನಿಂದ ನಿಧಾನವಾಗಿ ಸುರಿದ. ಪಟ್ಟಿಯ ಒಂದು ಅಂಚು ಸಡಿಲವಾಯಿತು. ಅವನು ಎಳೆಯಲಿಲ್ಲ, ಎಳೆಯಬಾರದು. ಮತ್ತೆ ನೀರು ಸುರಿದು ಕಾದ. ಅವಳ ಬೆನ್ನುಮೂಳೆ ಒಂದೊಂದಾಗಿ ಎಣಿಸುವ ಹಾಗಿತ್ತು. ಪಟ್ಟಿ ಬಿಡುವಾಗ ಆ ಮೂಳೆಗಳೆಲ್ಲ ಒಮ್ಮೆಗೇ ಬಿಗಿಯಾದವು. ಬಾಯಿಂದ ಒಂದು ಮಾತಿಲ್ಲ.

"ನೋವಾದ್ರೆ ಕೂಗು ಪುಟ್ಟಿ," ಎಂದ. "ಕೂಗು. ಏನೂ ಆಗಲ್ಲ."

ಅವಳು ತಲೆಯನ್ನು ಅಡ್ಡಡ್ಡ ಆಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು, "ಆಯ್ತಾ?"

ಪಟ್ಟಿ ಪೂರ್ತಿ ಬಿಟ್ಟುಕೊಂಡು ಅವನ ಕೈಗೆ ಬಂದಿತ್ತು.

"ಇಲ್ಲ, ಇನ್ನೂ ಸ್ವಲ್ಪ ಇದೆ," ಎಂದು ಅವನು ಚೊಂಬಿಗೆ ಮತ್ತೆ ನೀರು ತುಂಬಿಕೊಂಡು, ಆ ಬರಿಯ ಬೆನ್ನಿನ ಮೇಲೆ ಸುರಿಯತೊಡಗಿದ. ಅವಳು ಏಳಲಿಲ್ಲ.